ಮಟಿಲ್ಡಮ್ಮನ ಕಾಲಿಗೆ ಬೀಳುವ ಸೀನು

ಹಳ್ಳಿಗಳಲ್ಲಿ ನಾಟಕ ಕಲಿಸುವ ಕೆಲಸಕ್ಕೆ ಈಚೆಗೆ ಬಂದಿರುವ ಹುಡುಗರು ಆಗಾಗ ನಮ್ಮ ಮನೆ ಜಗಲಿಗೆ ಬಂದು ಕೂರುತ್ತಾರೆ. ‘ನಿಮ್ಮ ಕಾಲದಾಗೆ ಹೆಂಗಿತ್ತು ಸಾರ್, ಸ್ವಲ್ಪ ಹೇಳ್ರಿ’ ಎನ್ನುತ್ತಾರೆ. ನಮ್ಮ ಕಾಲದಲ್ಲಿ ಹೊಟ್ಟೆ ತುಂಬ ಊಟ ಸಿಗುತ್ತಿತ್ತು, ನಿದ್ದೆ ಸಿಗುತ್ತಿರಲಿಲ್ಲ, ಮರ್ಯಾದೆ ಊರಿಂದೂರಿಗೆ ಹೆಚ್ಚುಕಮ್ಮಿ ಆಗುತ್ತಿತ್ತು. ನನಗೆ ಹೊದಿಸಿದ ಶಾಲುಗಳ ಕಥೆ ಹೇಳಲು ನನಗೆ ಮನಸ್ಸಿಲ್ಲ. ಅವುಗಳಲ್ಲಿ ಅರ್ಧವನ್ನು ನನ್ನ ಹೆಂಡತಿ ಹಾರ್ಮೋನಿಯಂ ಮುಚ್ಚಲು ಬಳಸಿದಳು, ಒಳ್ಳೆಯ ಕೆಲಸವನ್ನೇ ಮಾಡಿದಳು. ನಾನು ಹೇಳಬೇಕೆಂದಿರುವುದು ಒಂದೇ ಒಂದು ನಾಟಕದ ವಿಷಯ. ಅದನ್ನು ನಾನೇ ಬರೆದೆ, ನಾನೇ ಕಲಿಸಿದೆ, ನೂರಾರು ಜನರ ಕಣ್ಣೆದುರಿಗೆ ನಾನೇ ಕೆಡಿಸಿದೆ. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಗೊತ್ತಿಲ್ಲದವರಿಗೆ ನಮ್ಮ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಸುಗ್ಗಿ ಮುಗಿದು ಕೈ ಬಿಡುವಾದಾಗ ಊರಿನ ಹುಡುಗರಿಗೆ ನಾಟಕ ಆಡುವ ಹುಕಿ ಬರುತ್ತದೆ. ಆಗ ಮೇಷ್ಟ್ರನ್ನು ಕರೆಸುತ್ತಾರೆ. ಮೇಷ್ಟ್ರು ಆ ಊರಲ್ಲೇ ಉಳಿದು, ದಿನಕ್ಕೊಂದು ಮನೆಯಲ್ಲಿ ಉಂಡು, ಮಾತು, ಹಾಡು, ಹೆಜ್ಜೆ ಎಲ್ಲವನ್ನೂ ಕಲಿಸಬೇಕು. ಗಂಡು ಪಾತ್ರಕ್ಕೆ ಊರ ಹುಡುಗರು, ಹೆಣ್ಣು ಪಾತ್ರಕ್ಕೆ ದಾವಣಗೆರೆಯಿಂದ ಕರೆಸಿದ ನಟಿಯರು. ಪರದೆ, ಕಿರೀಟ, ಕತ್ತಿ ಬಾಡಿಗೆಗೆ ಬರುತ್ತವೆ. ಆಟದ ದಿನ ಮೇಷ್ಟ್ರು ಸ್ಟೇಜಿನ ಮಗ್ಗುಲಲ್ಲಿ ಕಾಲಿಂದ ತಿದಿ ಒತ್ತುವ ಕಾಲು ಹಾರ್ಮೋನಿಯಂ ಮುಂದೆ, ಕೊರಳಿಗೆ ಒಂದು ಸೀಟಿ ನೇತುಹಾಕಿಕೊಂಡು ಕೂರುತ್ತಾರೆ. ಸೀಟಿ ಊದಿದರೆ ಪರದೆ ಮೇಲೇಳುತ್ತದೆ, ಮತ್ತೆ ಊದಿದರೆ ಇಳಿಯುತ್ತದೆ. ಆ ಪರದೆ ಪಕ್ಕಕ್ಕೆ ಸರಿಯುವ ಮೆತ್ತನೆಯ ಬಟ್ಟೆಯಲ್ಲ. ಅರಮನೆ, ಕಾಡು, ಬೀದಿ ಬರೆದ ದಪ್ಪ ಬಟ್ಟೆ, ಅದರ ಕೆಳತುದಿಗೆ ಸ್ಟೇಜಿನುದ್ದದ ಬಿದಿರಿನ ಗಳ. ಹಗ್ಗ ಬಿಟ್ಟರೆ ಗಳ ಸಮೇತ ದಬಕ್ಕನೆ ಬೀಳುತ್ತದೆ.

ನನಗೆ ಈ ಕೆಲಸ ಕಲಿಸಿದವರು ಗುರುಶಾಂತಪ್ಪನವರು. ಒಡೆದುಹೋದ ಒಂದು ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸಿದ್ದವರು. ಕಿವಿ ಚುರುಕು, ಬಾಯಿ ಇನ್ನೂ ಚುರುಕು. ಸ್ವರ ತಪ್ಪಿದರೆ ನಮ್ಮ ಅಪ್ಪನನ್ನೂ ಅಜ್ಜನನ್ನೂ ಸೇರಿಸಿ ಬೈಯುತ್ತಿದ್ದರು. ಅವರು ಮತ್ತೆ ಮತ್ತೆ ಹೇಳುತ್ತಿದ್ದ ಮಾತು ಒಂದಿತ್ತು: ‘ಪರದೆ ಅಂದ್ರೆ ಮೇಷ್ಟ್ರ ಮಾನ ಕಣೋ. ಏನಾರ ಎಡವಟ್ಟಾತು ಅನ್ನು, ಯೋಚ್ನೆ ಮಾಡಾಕೆ ಹೋಗ್ಬ್ಯಾಡ. ಸೀಟಿ ಊದು, ಪರದೆ ಬಿಡು.’ ಅದನ್ನು ನಾನು ವೇದವಾಕ್ಯದಂತೆ ನಂಬಿದ್ದೆ.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಚನ್ನಗಿರಿಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಿದ್ದೆ. ಎದುರುಮನೆಯಲ್ಲಿ ಮೈಸೂರು ಕಡೆಯಿಂದ ಬಂದ ರಂಗನಾಥ್ ಎಂಬ ಇಂಗ್ಲಿಷ್ ಲೆಕ್ಚರರ್ ಇದ್ದರು. ನಾನು ಬೆಳಗಾಗುತ್ತಲೇ ದುರ್ಯೋಧನನ ಪದ್ಯ ಎತ್ತಿಕೊಂಡರೆ ಅವರು ಕಿಟಕಿಯಿಂದ ಇಣುಕಿ, ‘ಯಾವಾಗ್ಲೂ ದುರ್ಯೋಧನನೇನಾ ಮೇಷ್ಟ್ರೇ? ಪ್ರಪಂಚದಲ್ಲಿ ಬೇರೆ ಯಾರೂ ಯುದ್ಧ ಮಾಡ್ಲೇ ಇಲ್ವಾ?’ ಎಂದು ಕೆಣಕುತ್ತಿದ್ದರು. ‘ಹಂಗಾದ್ರೆ ನೀವೇ ಒಬ್ಬನ್ನ ಕೊಡ್ರಿ’ ಎಂದೆ. ಅವರು ಕೊಟ್ಟೇಬಿಟ್ಟರು.

ಅವರು ಹೇಳಿದ್ದು ಇಂಗ್ಲೆಂಡಿನ ಹಳೆಯ ಕಾಲದ ಒಬ್ಬ ದೊರೆಯ ಕಥೆ. ರಾಜನಲ್ಲ, ರಾಜನ ಕೆಳಗಿನ ಸರದಾರ; ನಮ್ಮ ಕಡೆ ಪಾಳೇಗಾರರಿದ್ದ ಹಾಗೆ. ಗಡ್ಡ ಬರುವ ಮೊದಲೇ ಕತ್ತಿ ಹಿಡಿದವನು, ಮುದುಕನಾಗುವ ತನಕ ರಾಜನ ಯುದ್ಧಗಳಲ್ಲೇ ಬದುಕು ಸವೆಸಿದವನು. ಅವನಿಲ್ಲದಾಗ ಕೋಟೆ ಕಾಯುವವಳು ಹೆಂಡತಿ. ಶತ್ರುಗಳು ಮುತ್ತಿದರೆ ಆಕೆಯೇ ಗೋಡೆ ಹತ್ತಿ ಆಳುಗಳಿಗೆ ಹುಕುಂ ಕೊಡಬೇಕು. ಮಗ ಏಳು ವರ್ಷದವನಾಗುತ್ತಲೇ ಇನ್ನೊಬ್ಬ ದೊರೆಯ ಮನೆಗೆ ಕಳಿಸಿಬಿಡುತ್ತಾರೆ; ಅಲ್ಲಿ ಬಡಿಸುವುದು, ಕುದುರೆ ನೋಡಿಕೊಳ್ಳುವುದು, ಕತ್ತಿ ತಿರುಗಿಸುವುದು ಎಲ್ಲ ಕಲಿಯಬೇಕು. ‘ಆ ಕಾಲದ ದೊಡ್ಡ ಮನೆಗಳಲ್ಲಿ ಅದೇ ಪದ್ಧತಿ’ ಎಂದರು ರಂಗನಾಥ್. ನನಗೆ ಅಲ್ಲೇ ನಾಟಕ ಕಂಡಿತು. ಹೆತ್ತವಳು ಏಳು ವರ್ಷದ ಮಗನನ್ನು ಕಳಿಸಿ ಮತ್ತೆ ನೋಡುವುದು ಮೀಸೆ ಬಂದ ಮೇಲೆ ಎಂದರೆ ಸಾಮಾನ್ಯದ ಸಂಕಟವಲ್ಲ.

ಅವರು ಹೇಳಿದ ಹೆಸರುಗಳು ನನ್ನ ನಾಲಿಗೆಗೆ ಒಗ್ಗಲಿಲ್ಲ. ದೊರೆಗೆ ಎಡ್ಮಂಡ್ ಎಂದೂ ಹೆಂಡತಿಗೆ ಮಟಿಲ್ಡಾ ಎಂದೂ ಮಗನಿಗೆ ಹೆನ್ರಿ ಎಂದೂ ನಾನೇ ನಾಮಕರಣ ಮಾಡಿದೆ. ಜನ ಮಟಿಲ್ಡಾಳನ್ನು ‘ಮಟಿಲ್ಡಮ್ಮ’ ಮಾಡಿಕೊಂಡರು. ಕಥೆಯನ್ನೂ ನನಗೆ ಬೇಕಾದಂತೆ ಬಗ್ಗಿಸಿದೆ. ದೊರೆ ಯುದ್ಧದಲ್ಲಿ ಗಾಯಗೊಂಡು ಸಾಯುತ್ತಾನೆ. ತಾಯಿ ಕೋಟೆಯನ್ನು ವೈರಿಗೆ ಮಾರಿಕೊಂಡಳು ಎಂಬ ಚಾಡಿಮಾತು ನಂಬಿ ಮಗ ದಂಡು ಕಟ್ಟಿಕೊಂಡು ತಾಯಿಯ ಮೇಲೇ ಏರಿ ಬರುತ್ತಾನೆ. ಆಕೆ ಬಾಗಿಲು ತೆಗೆಸಿ, ಕೋಟೆಯ ಬೀಗದ ಕೈ ಹಿಡಿದು ಒಬ್ಬಳೇ ಬಂದು ನಿಲ್ಲುತ್ತಾಳೆ. ಮಗ ಕತ್ತಿ ಬಿಸಾಡಿ ಓಡಿಬಂದು ಆಕೆಯ ಕಾಲಿಗೆ ಬೀಳುತ್ತಾನೆ. ಅದೇ ಕೊನೆಯ ಸೀನು. ‘ಆ ದೇಶದಲ್ಲಿ ಕಾಲಿಗೆ ಬೀಳಲ್ಲ ಮೇಷ್ಟ್ರೇ, ಮಂಡಿಯೂರ್ತಾರೆ’ ಎಂದರು ರಂಗನಾಥ್. ‘ಅವರ ದೇಶದಾಗೆ ಏನಾರ ಮಾಡ್ಕೊಳ್ಳಿ, ಚನ್ನಗಿರಿ ತಾಲೂಕಿನಾಗೆ ಕಾಲಿಗೇ ಬೀಳ್ಬೇಕು’ ಎಂದು ನಾನು ದೊಡ್ಡ ಗಂಟಲಲ್ಲಿ ಹೇಳಿದೆ.

ಮಟಿಲ್ಡಮ್ಮನ ಪಾತ್ರಕ್ಕೆ ಬಂದವರು ಸರೋಜಮ್ಮ. ಆಗ ಅವರಿಗೆ ನಲವತ್ತರ ಆಸುಪಾಸು. ಬಣ್ಣದ ಡಬ್ಬಿಗಳ ಒಂದು ಟ್ರಂಕು, ಎಲೆಯಡಿಕೆಯ ಒಂದು ಚೀಲ, ಇಷ್ಟು ಹಿಡಿದು ಬಸ್ಸಿಳಿಯುತ್ತಿದ್ದರು. ಮೈಕು ಕೆಟ್ಟರೂ ಅವರ ಮಾತು ಹಿಂದಿನ ಸಾಲಿನ ಮುದುಕಿಗೆ ಕೇಳಿಸುತ್ತಿತ್ತು. ಒಂದು ಸಲ ಪಾತ್ರ ಓದಿ ಹೇಳಿದರೆ ಸಾಕು, ಮರುದಿನ ನನ್ನನ್ನೇ ತಿದ್ದುತ್ತಿದ್ದರು. ಅಂಥ ನಟಿ ಇಂಥ ಹಳ್ಳಿಯ ಹಲಗೆಗಳ ಮೇಲೆ ಯಾಕೆ ಸವೆದರು ಎಂದು ಕೇಳಬೇಡಿ. ನಾವೆಲ್ಲ ಅಲ್ಲೇ ಸವೆದವರು.

ಮೊದಲ ಆಟ ಕತ್ತಲಗೆರೆ ಕಡೆಯ ಒಂದು ಹಳ್ಳಿಯಲ್ಲಿ. ಡ್ರೆಸ್ಸಿನವನಿಗೆ ಇಂಗ್ಲೆಂಡಿನ ಉಡುಪು ಕಳಿಸು ಎಂದು ಹೇಳಿದ್ದೆ. ಅವನು ಭೀಮನ ಎದೆಕವಚ, ಮೊಗಲರ ರುಮಾಲು, ಜೊತೆಗೆ ಪೊಲೀಸಿನವರು ಹಾಕುವ ಬೂಟು ಕಳಿಸಿದ. ಬೇರೆ ದಾರಿಯಿಲ್ಲದೆ ಅದನ್ನೇ ಹಾಕಿಸಿದೆ. ನನ್ನ ಎಡ್ಮಂಡ್ ದೊರೆ ಗದೆ ಹೊತ್ತು ಬೂಟುಗಾಲಲ್ಲಿ ದಡಬಡ ಬಂದು, ಹಾರ್ಮೋನಿಯಂ ಶ್ರುತಿಗೆ ಪದ್ಯ ಎತ್ತಿದ. ಜನ ಸಿಳ್ಳೆ ಹೊಡೆದು ಒನ್ಸ್‌ಮೋರ್ ಕೇಳಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ರಂಗನಾಥ್ ಕರವಸ್ತ್ರದಿಂದ ಮುಖ ಮುಚ್ಚಿಕೊಂಡಿದ್ದರು. ಅಳುತ್ತಿದ್ದಾರೆ ಎಂದುಕೊಂಡೆ; ನಗು ತಡೆಯುತ್ತಿದ್ದರೆಂದು ಆಮೇಲೆ ತಿಳಿಯಿತು. ಮರುದಿನ ಕಣ್ಣು ಕೊಟ್ಟು ಮಾತಾಡಲಾಗದೆ ನಾನು ನಮ್ಮ ಬೀದಿ ಬಿಟ್ಟು ಹಿಂದಿನ ಸಂದಿಯಲ್ಲಿ ಓಡಾಡಿದೆ.

ಆ ಆಟದ ಕೊನೆಯ ಸೀನಿನಲ್ಲಿ ಹೆನ್ರಿ ಪಾತ್ರದ ಹುಡುಗ ಕಾಲಿಗೆ ಬಿದ್ದ, ನಿಜ. ಆದರೆ ಅವನಿಗೂ ಸರೋಜಮ್ಮನಿಗೂ ನಡುವೆ ಒಂದು ಎತ್ತಿನಗಾಡಿ ಆರಾಮಾಗಿ ಹೋಗಬಹುದಿತ್ತು. ಪರದೆ ಬಿದ್ದ ಮೇಲೆ ಅವರು ನಗುತ್ತ, ‘ಮೇಷ್ಟ್ರೇ, ನನ್ನ ಕಾಲಿಗೇನು ಕರೆಂಟು ಹೊಡಿತೈತಾ?’ ಎಂದರು. ನಾನೂ ನಕ್ಕೆ.

ಹೊನ್ನಾಳಿಯ ಆಟದಲ್ಲಿ ಬೇರೆಯೇ ಪೇಚು. ಅಲ್ಲಿ ದೊರೆಯ ಪಾತ್ರದವನಿಗೆ ಹೊಸದಾಗಿ ಮದುವೆಯಾಗಿತ್ತು. ಅವನು ಗಾಯಗೊಂಡು ಬಿದ್ದು, ‘ಮಟಿಲ್ಡಾ, ನಾನಿನ್ನು ಹೊರಟೆ’ ಎನ್ನುತ್ತಲೇ ಹೆಂಗಸರ ಕಡೆಯಿಂದ ಒಬ್ಬ ದಪ್ಪ ಹೆಂಗಸು ಎದ್ದು ನಿಂತಳು. ಅವನ ಅತ್ತೆ.

‘ಏ ಮೇಷ್ಟ್ರೇ, ನಿಲ್ಸ್ರಿ! ನನ್ನ ಮಗಳ ತಾಳಿಗೆ ಹಚ್ಚಿದ ಅರಿಶಿಣ ಇನ್ನೂ ಆರಿಲ್ಲ, ಇವರು ಇಲ್ಲಿ ಸಾಯಾಕೆ ಮಲಗ್ಯಾರಾ?’

ಸಾಯುತ್ತಿದ್ದ ದೊರೆ ಎದ್ದು ಕೂತು, ‘ಅತ್ತೆ, ಸುಮ್ನೆ ಕುಂದ್ರಿ, ಇದು ನಾಟಕ’ ಎಂದ.

‘ನಾಟಕ ಆದ್ರೇನು? ಶಾಸ್ತ್ರಕ್ಕೂ ಸಾಯಬಾರ್ದು!’

ಸಭೆಯಲ್ಲಿ ಅರ್ಧ ಜನ ಅತ್ತೆಯ ಪಕ್ಷ ಸೇರಿದರು. ನಾನು ಗುರುಗಳ ಮಾತಿನಂತೆ ಸೀಟಿ ಊದಿ ಪರದೆ ಬಿಟ್ಟೆ. ಒಳಗೆ ಎಲ್ಲರೂ ನನ್ನ ಮುಖ ನೋಡುತ್ತಿದ್ದಾಗ ಸರೋಜಮ್ಮನೇ, ‘ದೊರೆ ಸಾಯಾದು ಬ್ಯಾಡ, ತೀರ್ಥಯಾತ್ರೆಗೆ ಕಳಿಸ್ರಿ’ ಎಂದರು. ಹಾಗೇ ಮಾಡಿದೆ. ಎಡ್ಮಂಡ್ ದೊರೆ ಕುಂಟುತ್ತ ಎದ್ದು, ವೈರಾಗ್ಯದ ಪದ್ಯ ಹಾಡಿ, ಯಾತ್ರೆಗೆ ಹೊರಟುಹೋದ. ಆಮೇಲೆ ರಂಗನಾಥರಿಗೆ ನಾಚುತ್ತ ಇದನ್ನು ಹೇಳಿದರೆ, ‘ಇಡೀ ನಾಟಕದಲ್ಲಿ ಇದೊಂದೇ ಸರಿಯಾಗಿರೋದು ಮೇಷ್ಟ್ರೇ! ಅಂಥ ದೊರೆಗಳು ಎಷ್ಟೋ ಜನ ಯಾತ್ರೆಗೆ ಹೋಗ್ತಿದ್ರು’ ಎಂದರು. ಅಲ್ಲಿಂದ ಮುಂದೆ ನನ್ನ ದೊರೆ ಯಾವ ಊರಲ್ಲೂ ಸಾಯಲಿಲ್ಲ. ಕೊನೆಯ ಸೀನಿನಲ್ಲಿ ಹೊನ್ನಾಳಿಯ ಹೆನ್ರಿ ಮಾತ್ರ ಓಡಿಬಂದು, ತಾಯಿಯನ್ನು ದಾಟಿ, ನನ್ನ ಹಾರ್ಮೋನಿಯಂಗೆ ಅಡ್ಡಬಿದ್ದ.

ಮುಂದೆ ನ್ಯಾಮತಿಯ ಆಟದಲ್ಲಿ ಹೆನ್ರಿಯಾದ ಹುಡುಗ ಅದನ್ನೂ ಮಾಡಲಿಲ್ಲ. ನೆಟ್ಟಗೆ ನಿಂತು ಕೈ ಮುಗಿದು ಬೀಗದ ಕೈ ಇಸಕೊಂಡ. ‘ಯಾಕಪ್ಪ?’ ಎಂದರೆ, ‘ಅವ್ವ ಬೈತಾಳ್ರಿ’ ಎಂದು ನೆಲ ನೋಡಿದ. ಅವನಿಗೆ ಬೈದು ಏನು ಪ್ರಯೋಜನ? ನಾಟಕದ ಹೆಂಗಸಿನ ಕಾಲು ಮುಟ್ಟುವುದು ಮನೆತನಕ್ಕೆ ಕಡಿಮೆ ಎಂದು ಆ ಊರೂ ಈ ಊರೂ ಒಂದೇ ಲೆಕ್ಕ ಹಾಕಿದ್ದವು. ಅದೇ ಸ್ಟೇಜಿನಲ್ಲಿ ಅವರ ಹಾಡಿಗೆ ಕಣ್ಣೀರು ಹಾಕಲು ಮಾತ್ರ ಯಾರಿಗೂ ಕಡಿಮೆ ಅನಿಸುತ್ತಿರಲಿಲ್ಲ.

ಮರುದಿನ ಬಸ್ಸಿಗೆ ಕಾಯುತ್ತಿದ್ದಾಗ ಸರೋಜಮ್ಮ ಎಂದಿನಂತೆ ತಮಾಷೆ ಮಾಡಲಿಲ್ಲ. ಎಲೆಗೆ ಸುಣ್ಣ ಸವರುತ್ತ ತಮ್ಮ ಮಗನ ವಿಷಯ ಹೇಳಿದರು. ಚಿಕ್ಕವನಿದ್ದಾಗಲೇ ಅಣ್ಣನ ಮನೆಯಲ್ಲಿ ಬಿಟ್ಟು ಊರೂರು ಸುತ್ತಿ ಓದಿಸಿದ್ದರು. ಮದುವೆಯ ದಿನ ಅವನು ಸೋದರಮಾವನ ಕಾಲಿಗೂ ಅತ್ತೆಯ ಕಾಲಿಗೂ ಬಿದ್ದ. ತಾಯಿ ನಾಟಕದವಳೆಂದು ಬೀಗರಿಗೆ ಗೊತ್ತಾಗಬಾರದೆಂದು ಇವರನ್ನು ಹಿಂದೆ, ನೆಂಟರ ಗುಂಪಿನಲ್ಲಿ ಕೂರಿಸಿದ್ದರು.

‘ಹೊಟ್ಟೇಲಿ ಹುಟ್ಟಿದೋನು ಬೀಳ್ಲಿಲ್ಲ ಮೇಷ್ಟ್ರೇ. ನಾಟಕದ ಮಗನಾದ್ರೂ ಒಂದು ಸಲ ಸರಿಯಾಗಿ ಬೀಳ್ಲಿ. ಅಷ್ಟು ಮಾಡ್ಸ್ರಿ’ ಎಂದರು.

‘ಮಾಡಿಸ್ತೀನಿ ತಾಯಿ. ಮುಂದಿನ ಆಟದಾಗೆ ಮಾಡ್ಸೇ ಮಾಡಿಸ್ತೀನಿ’ ಎಂದು ಮಾತು ಕೊಟ್ಟೆ.

ಮುಂದಿನ ಆಟ ಬಂದದ್ದು ಜಗಳೂರಿನ ಕಡೆ, ಸೊಕ್ಕೆಯ ಹತ್ತಿರದ ಒಂದು ಹಳ್ಳಿಯಲ್ಲಿ. ಆ ಹೊತ್ತಿಗೆ ಎಂಬತ್ತರ ದಶಕ ಶುರುವಾಗಿತ್ತು. ಅಲ್ಲಿ ಹೆನ್ರಿಯಾದವನು ತಿಪ್ಪೇಶ, ಊರ ಹಿರಿಯರಾದ ಓಬಳಪ್ಪಗೌಡರ ಮಗ. ನಾನು ಕಲಿಸಿದ ಹುಡುಗರಲ್ಲೆಲ್ಲ ಅವನೇ ಚಿನ್ನ. ನಟಿಯರು ಕೊನೆಯ ಎರಡು ದಿನಕ್ಕಷ್ಟೇ ಬರುವ ವಾಡಿಕೆ, ಅಲ್ಲಿಯವರೆಗೆ ತಾಯಿಯ ಬದಲು ಒಂದು ಕಂಬ. ಅವನು ಕಂಬವನ್ನೇ ‘ಅವ್ವಾ’ ಎಂದು ಕೂಗಿ, ಓಡಿಬಂದು, ಅದರ ಬುಡಕ್ಕೆ ಹಣೆ ಹಚ್ಚಿ ಅಳುತ್ತಿದ್ದ. ಹಾರ್ಮೋನಿಯಂ ಮೇಲೆ ನನ್ನ ಸ್ವರವೇ ತಪ್ಪುತ್ತಿತ್ತು. ಸರೋಜಮ್ಮ ಬಂದ ದಿನ ಅವರಿಗೆ ಕುಡಿಯಲು ನೀರನ್ನು ಅವನೇ ತಂದುಕೊಟ್ಟ. ಊಟಕ್ಕೆ ಅವರನ್ನು ಕೂರಿಸಿದ್ದು ಮಾತ್ರ ಗೌಡರ ಮನೆಯ ಹೊರಗೆ, ದನದ ಕೊಟ್ಟಿಗೆಯ ಕಟ್ಟೆ ಮೇಲೆ.

ಆಟದ ಹಿಂದಿನ ದಿನ ಗೌಡರು ನನ್ನನ್ನು ಕಣದ ಕಡೆ ಕರೆದುಕೊಂಡು ಹೋದರು. ಒಳ್ಳೆಯ ಮನುಷ್ಯ, ಗಟ್ಟಿಯಾಗಿ ಮಾತಾಡಿದವರೂ ಅಲ್ಲ.

‘ಮೇಷ್ಟ್ರೇ, ಹುಡುಗ ಕಂಬಕ್ಕೆ ಬೀಳಾದು ನೋಡ್ದೆ. ಆಟದಾಗೆ ಯಾರ ಕಾಲಿಗ್ರಿ?’

‘ತಾಯಿ ಪಾತ್ರದ ಕಾಲಿಗೆ ಗೌಡ್ರೇ.’

‘ಪಾತ್ರಕ್ಕೆ ಕಾಲು ಎಲ್ಲೈತ್ರಿ? ಕಾಲು ಆ ಹೆಣ್ಮಗಳದು.’ ಮತ್ತೆ ದನಿ ತಗ್ಗಿಸಿ ಹೇಳಿದರು, ‘ಅವನಿಗೆ ಹೆಣ್ಣು ಕೊಡೋರು ನಾಳೆ ಮುಂದ್ಲ ಸಾಲಾಗೆ ಕುಂತಿರ್ತಾರೆ. ಹೆಂಗಾರ ಮಾಡಿ ತಪ್ಪಿಸ್ರಿ. ಹುಡುಗನಿಗೆ ನಾನು ಹೇಳಿದ್ರೆ ಮುನಿಸ್ಕಂತಾನೆ.’

‘ಆಗ್ಲಿ ಗೌಡ್ರೇ, ನೋಡ್ತೀನಿ’ ಎಂದೆ.

ಆ ‘ನೋಡ್ತೀನಿ’ಯನ್ನು ನಾನು ನನ್ನ ವೃತ್ತಿಯಲ್ಲಿ ಎಷ್ಟೋ ಸಲ ಆಡಿದ್ದೇನೆ. ಅನ್ನ ಹಾಕುವವರಿಗೆ ಆಗದು ಎನ್ನಲು ಬಾಯಿ ಬರುವುದಿಲ್ಲ. ಸರೋಜಮ್ಮನಿಗೆ ಕೊಟ್ಟ ಮಾತು ನಡೆಸಲಾಗದು ಎನ್ನಲೂ ಬಾಯಿ ಬರಲಿಲ್ಲ. ತಿಪ್ಪೇಶನಿಗಂತೂ ಏನೂ ಹೇಳಲಿಲ್ಲ. ಎಲ್ಲರಿಗೂ ಒಳ್ಳೆಯವನಾಗುವ ಉಪಾಯ ಒಂದು ಹೊಳೆಯಿತು: ಅವನು ಬಗ್ಗುತ್ತಿದ್ದಂತೆ ಸೀಟಿ ಊದಿ ಪರದೆ ಬಿಟ್ಟುಬಿಡುವುದು. ಸಭೆಗೆ ಕಾಣಿಸುವುದಿಲ್ಲ, ಗೌಡರ ಮಾನ ಉಳಿಯುತ್ತದೆ. ಒಳಗೆ ಅವನು ಬಿದ್ದರೆ ಸರೋಜಮ್ಮನಿಗೂ ಸಲ್ಲುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವನ ಬುದ್ಧಿ ಇಷ್ಟೇ.

ನಮ್ಮ ಆಟಗಳು ಮುಗಿಯುವಾಗ ಬೆಳಗಾಗಿರುತ್ತದೆ. ಕೊನೆಯ ಸೀನಿಗೆ ಮೊದಲು ನಾನು ಚಹಾ ಕುಡಿಯಲು ಹಿಂದೆ ಹೋದಾಗ ಸರೋಜಮ್ಮ ಒಂದು ತಂಬಿಗೆ ನೀರಲ್ಲಿ ಕಾಲು ತೊಳೆದುಕೊಳ್ಳುತ್ತಿದ್ದರು. ತೊಳೆದು, ಸೆರಗಿನಲ್ಲಿ ಒರೆಸಿ, ಎರಡೂ ಪಾದಕ್ಕೆ ಅರಿಶಿಣ ಹಚ್ಚಿಕೊಂಡರು. ‘ಹುಡುಗ ಹಣೆ ಹಚ್ತಾನೆ, ಧೂಳಿರಬಾರ್ದು’ ಎಂದು ನಾಚಿಕೊಂಡು ಹೇಳಿದರು. ‘ಇವತ್ತು ಖಂಡಿತ ತಾನೇ ಮೇಷ್ಟ್ರೇ?’

‘ಖಂಡಿತ’ ಎಂದೆ. ಚಹಾ ಅಲ್ಲೇ ಇಟ್ಟು ಹಾರ್ಮೋನಿಯಂ ಮುಂದೆ ಬಂದು ಕೂತೆ.

ಪರದೆ ಎದ್ದಿತು. ಮಟಿಲ್ಡಮ್ಮ ಬೀಗದ ಕೈ ಹಿಡಿದು ನಿಂತಿದ್ದರು. ಬೆಳಗಿನ ಬೆಳಕಲ್ಲಿ ಇಡೀ ಸಭೆ ಕಾಣುತ್ತಿತ್ತು. ಮುಂದಿನ ಸಾಲಿನಲ್ಲಿ ಗೌಡರು, ಪಕ್ಕದಲ್ಲಿ ಹೆಣ್ಣಿನ ಕಡೆಯವರು. ‘ಏಳು ವರ್ಷದವನನ್ನು ಕಳಿಸಿದೆ ಮಗನೇ, ನಿನ್ನ ಕತ್ತಿ ನನ್ನ ಎದೆಯೆತ್ತರ ಬೆಳೆದು ಬಂದಿತಲ್ಲ’ ಎಂದು ಅವರು ಹೇಳಿದಾಗ ಯಾರೂ ಕೆಮ್ಮಲಿಲ್ಲ. ತಿಪ್ಪೇಶ ಕತ್ತಿ ಬಿಸಾಡಿದ. ಅದು ನಾನು ಕಲಿಸಿದ ಅಳುವಲ್ಲ, ಅವನು ನಿಜವಾಗಿ ಅಳುತ್ತಿದ್ದ. ‘ಅವ್ವಾ’ ಎಂದು ಸ್ಟೇಜಿನ ಮುಂತುದಿಯಿಂದ ಒಳಗೆ ಓಡಿದ. ಗೌಡರು ಕುರ್ಚಿಯಿಂದ ಎದ್ದರು. ನಾನು ಸೀಟಿ ಊದಿದೆ.

ಹಗ್ಗ ಹಿಡಿದವನು ನನ್ನ ಸೀಟಿಗೆ ಕಾಯುತ್ತ ಕೂತವನು, ತಕ್ಷಣ ಬಿಟ್ಟ. ಅಷ್ಟರಲ್ಲಿ ತಿಪ್ಪೇಶ ಆಗಲೇ ಉದ್ದಕ್ಕೆ ಅಡ್ಡಬಿದ್ದಿದ್ದ. ತಲೆ ಒಳಗೆ ಸರೋಜಮ್ಮನ ಕಾಲ ಮೇಲೆ, ಸೊಂಟ ಕಾಲು ಪರದೆಯ ಹೊರಗೆ. ನಡುವೆ ಬಿದಿರಿನ ಗಳ ನೇರವಾಗಿ ಅವನ ಕುತ್ತಿಗೆಯತ್ತ ಇಳಿಯುತ್ತಿತ್ತು. ನಾನು ಮಗ್ಗುಲಲ್ಲಿದ್ದವನು, ಎರಡೂ ಕಡೆ ನನಗೆ ಕಾಣುತ್ತಿತ್ತು. ಆಶೀರ್ವಾದಕ್ಕೆಂದು ಬಗ್ಗಿದ್ದ ಸರೋಜಮ್ಮ ತಲೆಯೆತ್ತಿ ಗಳವನ್ನು ನೋಡಿದರು. ಹಿಂದೆ ಸರಿಯಲಿಲ್ಲ. ಎರಡೂ ಕೈಯನ್ನು ಅವನ ಕತ್ತಿನ ಮೇಲೆ ಹರವಿದರು. ಏಟು ಅವರ ಕೈಗಳ ಮೇಲೆ ಬಿತ್ತು.

ಹೊರಗೆ ಸಭೆ ಗೊಳ್ಳೆಂದು ನಕ್ಕಿತು. ಅವರಿಗೆ ಕಂಡದ್ದು ಅರಮನೆಯ ಚಿತ್ರದ ಕೆಳಗಿಂದ ಚಾಚಿಕೊಂಡಿದ್ದ ತಲೆಯಿಲ್ಲದ ಒಂದು ಮೈ, ಎರಡು ಬೂಟುಗಾಲು, ಅಷ್ಟೇ. ನಾನು ಜೀವಮಾನದಲ್ಲಿ ಕಲಿಸಿದ ಒಂದೇ ಒಂದು ನಿಜವಾದ ಸೀನು ನಗೆಪಾಟಲಾಗಿ ಮುಗಿಯಿತು.

ಒಳಗೆ ಓಡಿದೆ. ಸರೋಜಮ್ಮನ ಎಡಗೈ ಮಣಿಕಟ್ಟು ಆಗಲೇ ಬಾತುಕೊಂಡಿತ್ತು, ಬಳೆಯ ಚೂರುಗಳು ಚುಚ್ಚಿ ರಕ್ತ ಬರುತ್ತಿತ್ತು. ತಿಪ್ಪೇಶ ತನ್ನ ರುಮಾಲು ಹರಿದು ಕಟ್ಟುತ್ತಿದ್ದ. ನನ್ನನ್ನು ಕಂಡವನೇ, ‘ಯಾಕ್ರಿ ಊದಿದ್ರಿ? ನಾನು ಏನು ತಪ್ಪು ಮಾಡ್ದೆ?’ ಎಂದು ಕೇಳಿದ. ಹಿಂದೆಯೇ ಬಂದ ಗೌಡರು ಮಗನ ಕತ್ತು ಮುಟ್ಟಿ ನೋಡಿದರು, ಸರೋಜಮ್ಮನ ಕೈಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಗೌಡರ ಕಡೆ ಬೆರಳು ತೋರಿಸಬಹುದಿತ್ತು. ಆದರೆ ಸೀಟಿ ನನ್ನ ಬಾಯಲ್ಲಿತ್ತು. ಗೌಡರು ಹೊರಗೆ ಹೋಗಿ ಗಾಡಿ ಕಟ್ಟಿಸಿದರು. ಅವರೇ ಹೊಡೆದುಕೊಂಡು ಜಗಳೂರಿನ ಆಸ್ಪತ್ರೆಗೆ ಕರೆದೊಯ್ದರು.

ಗಾಡಿ ಹತ್ತುವಾಗ ನಾನು, ‘ಸರೋಜಮ್ಮ, ನನ್ನಿಂದ ಎಲ್ಲ ಕೆಟ್ಟಿತು’ ಎಂದೆ.

‘ಕೆಟ್ಟಿಲ್ಲ ಬಿಡ್ರಿ ಮೇಷ್ಟ್ರೇ’ ಎಂದರು ಅವರು. ‘ಹುಡುಗ ಬಿದ್ದ. ಹೊರಗಿನೋರಿಗೆ ಅವನ ಕಾಲು ಕಂಡ್ವು, ನನಗೆ ಮುಖ ಕಾಣ್ತು.’

ಆಮೇಲೆ ಆ ನಾಟಕವನ್ನು ನಾನು ಮತ್ತೆ ಎತ್ತಲಿಲ್ಲ. ಸರೋಜಮ್ಮನೂ ಬಣ್ಣ ಬಿಟ್ಟರು ಎಂದು ಕೇಳಿದೆ. ಕಾಲವೂ ತಿರುಗಿತು. ಹಳ್ಳಿಹಳ್ಳಿಗೆ ವಿಡಿಯೋ ಬಂತು. ಹಾರ್ಮೋನಿಯಂ ಇದ್ದ ಜಾಗಕ್ಕೆ ಕ್ಯಾಶಿಯೋ ಕೀಬೋರ್ಡು ಬಂತು. ಪರದೆ ಪಕ್ಕಕ್ಕೆ ಸರಿಯುವ ತೆಳು ಬಟ್ಟೆಯಾಯಿತು, ಬಿದ್ದರೂ ಯಾರಿಗೂ ಪೆಟ್ಟಾಗದು. ಹುಡುಗರೇ, ಅದೊಂದು ಒಳ್ಳೆಯದಾಯಿತು. ಗುರುಗಳ ಮಾತನ್ನು ನಿಮಗೆ ನಾನು ಹೇಳಿಕೊಡುವುದಿಲ್ಲ. ಎಡವಟ್ಟಾದರೆ ಆಗಲಿ, ಸೀನು ಮುಗಿಯುವ ತನಕ ಕಾಯಿರಿ.

ಎಂಬತ್ತರ ದಶಕದ ಕೊನೆಯಲ್ಲಿ ಒಂದು ಮಧ್ಯಾಹ್ನ ಚನ್ನಗಿರಿ ಬಸ್‌ಸ್ಟ್ಯಾಂಡಿನಲ್ಲಿ ಸರೋಜಮ್ಮ ಕಂಡರು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಗುರುತು ಹಿಡಿದು, ‘ಎಡ್ಮಂಡ್ ದೊರೆ ಯಾತ್ರೆಯಿಂದ ಬಂದ್ರಾ?’ ಎಂದು ನಕ್ಕು ಕೈ ಮುಗಿದರು. ಎಡಗೈ ಬಲಗೈಗೆ ಸರಿಯಾಗಿ ಕೂಡಲಿಲ್ಲ, ಓರೆಯಾಗಿ ನಿಂತಿತು. ತಿಪ್ಪೇಶ ಮದುವೆಯಾದ ಮೇಲೆ ಹೆಂಡತಿಯನ್ನು ಕರೆದುಕೊಂಡು ಹುಡುಕಿ ಬಂದಿದ್ದನಂತೆ. ಗಂಡ ಹೆಂಡತಿ ಇಬ್ಬರೂ ಬಾಗಿಲಲ್ಲೇ ಕಾಲಿಗೆ ಬಿದ್ದರಂತೆ. ಅದನ್ನು ಹೇಳುವಾಗ ಅವರ ಮುಖ ನೋಡಲು ನನಗಾಗಲಿಲ್ಲ. ಕಣ್ಣು ಕೆಳಗಿಳಿದು ಅವರ ಕಾಲಿನ ಮೇಲೆ ನಿಂತಿತು. ಹವಾಯ್ ಚಪ್ಪಲಿ, ಒಡೆದ ಹಿಮ್ಮಡಿ. ಈಗಲಾದರೂ ಬೀಳಬೇಕು ಎಂದು ಮನಸ್ಸು ಹೊಡೆದುಕೊಂಡಿತು. ಸುತ್ತ ಪರಿಚಯದ ಅಂಗಡಿಯವರಿದ್ದರು, ಕಾಲೇಜು ಹುಡುಗರಿದ್ದರು, ‘ಮೇಷ್ಟ್ರೇ ನಮಸ್ಕಾರ’ ಎನ್ನುವವರಿದ್ದರು.

ಅವರು ಕಾಯುತ್ತಿದ್ದ ಶಿವಮೊಗ್ಗದ ಬಸ್ಸು ಬಂತು. ನಾನು ಬಗ್ಗಿದೆ. ಬಗ್ಗಿ, ಅವರ ಕಾಲ ಬಳಿ ಇದ್ದ ಚೀಲ ಎತ್ತಿ ಕೈಗೆ ಕೊಟ್ಟೆ.

ಅವರು ಚೀಲವನ್ನು ಬಲಗೈಗೆ ತೆಗೆದುಕೊಂಡು, ನನ್ನ ಮುಖವನ್ನು ಒಂದು ಕ್ಷಣ ನೋಡಿದರು.

‘ಅಷ್ಟು ಬಗ್ಗಿದ್ರಲ್ಲ ಮೇಷ್ಟ್ರೇ, ಸಾಕು ಬಿಡ್ರಿ’ ಎಂದು ಬಸ್ಸು ಹತ್ತಿದರು.